ಮೆಟ್ಟಿಲ ಕೆಳಗಿನ ಅತ್ತೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾನು ಎಳೆದ ವೈರುಗಳೆಲ್ಲ ನನಗೇ ಶಾಕ್ ಹೊಡೆಯಲಿ.

ಆಸ್ಪತ್ರೆಯಲ್ಲಿ ವೈರಿಂಗ್ ಕೆಲಸ ನನ್ನದು. ಅವತ್ತು ಅಲ್ಲೇ ನನ್ನ ಭಾವನ ಸೊಂಟದ ಆಪರೇಷನ್. ಬೆಳಗಿನಿಂದ ಹನಿ ನೀರೂ ಕುಡಿಯದೆ ಮಲಗಿದ್ದರು. ಡಾಕ್ಟರು ಸಂಜೆ ರೈಲಿಗೆ ಹೊರಡುವವರು. ಮಧ್ಯಾಹ್ನ ಒಂದು ಗಂಟೆಯ ಒಳಗೆ ಕತ್ತರಿ ಹಿಡಿಯದಿದ್ದರೆ ಮತ್ತೆ ಹದಿನೈದು ದಿನ ಕಾಯಬೇಕು. ಆದರೆ ಭಾವನ ಸ್ಕ್ಯಾನಿನ ಚಿತ್ರ ತೆರೆಯುತ್ತಲೇ ಇಲ್ಲ.

"ಬೇರೆಯವರು ಬಳಸ್ತಿದ್ದಾರೆ ಅಂತ ತೋರಿಸ್ತಿದೆ," ಎಂದರು ಡಾಕ್ಟರು. "ಈ ಸೊಂಟಾನ ಬೇರೆ ಯಾರಪ್ಪಾ ಬಳಸ್ತಾರೆ?"

ಆಸ್ಪತ್ರೆಯ ಸ್ಕ್ಯಾನುಗಳೆಲ್ಲ ಇರುವುದು ಒಂದೇ ಡಿಸ್ಕಿನ ಪೆಟ್ಟಿಗೆಯಲ್ಲಿ, ನಮ್ಮ ಬಾಯಲ್ಲಿ ಅದು ಉಗ್ರಾಣ; ಹೊಸದಾಗಿ ತೆಗೆದರೂ ಚಿತ್ರ ಹೋಗಿ ಕೂರಬೇಕಾದದ್ದು ಬೀಗ ಬಿದ್ದ ಆ ಉಗ್ರಾಣದಲ್ಲೇ. ಅಕ್ಕ ನನ್ನ ಅಂಗಿ ಹಿಡಿದಳು. "ನಿನ್ನಾಸ್ಪತ್ರೆ ಅಂತ ನಂಬಿ ಬಂದ್ವಲ್ಲೋ! ಹೋಗಿ ಏನಾದ್ರೂ ಮಾಡೋ!"

ಸರ್ವರ್ ಕೋಣೆಗೆ ಓಡಿದೆ. ಅಲ್ಲಿನ ಚಳಿಗೆ ನನ್ನ ಸೀನು ಗಾಳಿಯಲ್ಲೇ ಹೆಪ್ಪುಗಟ್ಟಿ ಠಣ್ಣೆಂದು ನೆಲಕ್ಕೆ ಬಿತ್ತು. ಕಂಪ್ಯೂಟರ್ ಇಂಜಿನಿಯರ್ ಮೇಡಂ ತಲೆ ಚಚ್ಚಿಕೊಳ್ಳುತ್ತಿದ್ದರು. ಅಲ್ಲಿರುವುದು ಚಿತ್ರ ತಂದುಕೊಡುವ ಎರಡು ಸರ್ವರ್ ಯಂತ್ರ, ಒಂದೇ ಉಗ್ರಾಣ. ಒಂದೇ ಮನೆಯ ಓರಗಿತ್ತಿಯರಂತೆ, ಒಬ್ಬಳು ಮಲಗಿದರೆ ಇನ್ನೊಬ್ಬಳು ಬೀಗ ತೆಗೆದು ಅಡುಗೆ ನಡೆಸಬೇಕು. ಈಗ ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ, ಇಬ್ಬರ ಕೈಲೂ ಬೀಗ ತೆಗೆಯಲಾಗುತ್ತಿಲ್ಲ!

"ದೊಡ್ಡವಳನ್ನ ಮಲಗಿಸಿ ಎಬ್ಬಿಸ್ದೆ, ಚಿಕ್ಕವಳನ್ನ ಮಲಗಿಸಿ ಎಬ್ಬಿಸ್ದೆ. ಮೂರು ಸಲ!" ಎಂದು ಅವರು ಕೀಬೋರ್ಡಿಗೆ ಗುದ್ದಿದ ಸದ್ದಿಗೆ ಮೇಲಿನ ವಾರ್ಡಿನಲ್ಲಿ ವರ್ಷದಿಂದ ಏಳದವರೆಲ್ಲ ಎದ್ದು ಕೂತರು.

"ಬೀಗ ಹಾಕಿದ್ಯಾರು ಅಂತ ಆ ಉಗ್ರಾಣಾನೇ ಕೇಳೋಕಾಗಲ್ವಾ, ಮೇಡಂ?"

ನನ್ನನ್ನು ದುರುಗುಟ್ಟಿ ನೋಡಿ ಏನೋ ಟೈಪ್ ಮಾಡಿದರು. ಪರದೆಯ ಮೇಲೆ ಒಂದು ಹೆಸರು ಬಂತು.

"ಹಳೇ ಸರ್ವರ್! ಅದನ್ನ ತೆಗೆದು ತಿಂಗಳಾಯ್ತಲ್ರೀ!"

ನಮ್ಮಲ್ಲಿ ಒಂದು ಪದ್ಧತಿ: ಗುಜರಿಗೆ ಹೋಗುವ ಯಂತ್ರವನ್ನೂ ಪಟ್ಟಿ ಮಾಡುವ ದಿನ ಕರೆಂಟು ಕೊಟ್ಟು ಅದರ ದೀಪ ಉರಿಸಿ ತೋರಿಸಬೇಕು. ಅವತ್ತೇ ಆ ಪಟ್ಟಿಯ ದಿನ. ಬೆಳಿಗ್ಗೆ ಮೆಟ್ಟಿಲ ಕೆಳಗಿದ್ದ ಆ ಹಳೆಯದಕ್ಕೆ ಪ್ಲಗ್ ಹಾಕಿದ್ದು ನಾನೇ. ಅದರಿಂದ ಉಗ್ರಾಣಕ್ಕೆ ಹೋಗುವ ಕೇಬಲನ್ನು ಯಾರೂ ಬಿಚ್ಚಿರಲಿಲ್ಲ. ಅದು ಓರಗಿತ್ತಿಯರ ಅತ್ತೆಯಲ್ಲವೇ? ಕಣ್ಣು ಬಿಟ್ಟವಳೇ ಉಗ್ರಾಣಕ್ಕೆ ಬೀಗ ಜಡಿದು ಕೂತಿದ್ದಳು.

ಓಡಿಹೋಗಿ ಪ್ಲಗ್ ಕಿತ್ತೆ, ಕೇಬಲೂ ಕಿತ್ತೆ. ವಾಪಸ್ ಬಂದರೆ ಬೀಗ ಹಾಗೇ ಇದೆ!

"ಅದು ಸತ್ರೂ ಬೀಗ ಬಿಡಲ್ಲ," ಎಂದು ಮೇಡಂ ಹಲ್ಲು ಕಡಿದರು. "ಒಡೀಲೇಬೇಕು. ಇನ್ಯಾರೂ ಉಗ್ರಾಣದೊಳಗೆ ಕೈ ಹಾಕಿಲ್ಲ ತಾನೇ? ಹಾಕಿದ್ರೆ ಚಿತ್ರವೆಲ್ಲ ಹಾಳು."

"ಇನ್ಯಾವ ಪ್ಲಗ್ಗೂ ನಾನು ಹಾಕಿಲ್ಲ, ಮೇಡಂ."

"ಇನ್ಯಾವ ಅಂದ್ರೆ?"

ನಾನು ಕೆಮ್ಮಿದೆ. ಅವರು ಬೀಗ ಒಡೆಯುವ ಒಂದು ಸಾಲು ಟೈಪ್ ಮಾಡಿದರು. ಒಂದಕ್ಕೆ ಐದು ನಿಮಿಷವಿದ್ದಾಗ ಭಾವನ ಸೊಂಟ ಪರದೆಯ ಮೇಲೆ ಬೆಳ್ಳಗೆ ಬೆಳಗಿತು. ಡಾಕ್ಟರು ಕೈ ತೊಳೆಯಲು ಓಡಿದರು.

ಭಾವ ಈಗ ಬಸ್ಸನ್ನೇ ಹಿಂದೆ ಹಾಕಿ ನಡೆಯುತ್ತಾರೆ. ಆದರೆ ಪ್ಲಗ್ ಹಾಕಿದ್ದು ಯಾರೆಂಬ ವಿಚಾರಣೆ ಇನ್ನೂ ಮುಗಿದಿಲ್ಲ. ಇಷ್ಟು ಹೊತ್ತು ಕೂತು ಕೇಳಿದಿರಲ್ಲ, ಈ ಕಾಗದಕ್ಕೊಂದು ಸಹಿ ಹಾಕಿಬಿಡಿ: ಅವತ್ತು ಬೆಳಿಗ್ಗೆ ನಾನು ನಿಮ್ಮ ಮನೆಯಲ್ಲಿ ಫ್ಯಾನ್ ರಿಪೇರಿ ಮಾಡುತ್ತಿದ್ದೆ ಅಂತ. ನಿಮ್ಮ ಮನೆಯಲ್ಲಿ ಫ್ಯಾನೇ ಇಲ್ಲವೇ? ನಾಳೆ ತಂದು ಹಾಕುತ್ತೇನೆ. ಸಹಿ ಮೊದಲಾಗಲಿ.