ಮುರಿಗೆಪ್ಪನ ಸೈಕಲ್ ಬೆಲ್

ನಮ್ಮ ಅಕ್ಕನ ಮಗ ಮುರಿಗೆಪ್ಪಗ ಮರ್ಯಾದಿ ಭಾಳ. ಇಷ್ಟು ಮರ್ಯಾದಿ ಸೈಕಲ್ಲಿಗೆ ಒಳ್ಳೇದಲ್ಲ. ಹೊರಗ ಹೊಂಟವರನ್ನ ಹಿಂದಿನಿಂದ ಕರದರ ಅವರ ಕೆಲಸ ಕೆಡತೈತಿ ಅಂತ ನಮ್ಮ ಬೆಳಗಾವಿ ಕಡೆ ಅಂತಾರಲ್ಲ, ಇಂವ ಅದನ್ನ ಸೈಕಲ್ ಬೆಲ್ಲಿಗೂ ಹಚ್ಚ್ಯಾನ. ಮುಂದ ಯಾರರೆ ನಡದಿದ್ರ ಕೆಳಗಿಳದು, ಸೈಕಲ್ ನೂಕ್ಕೋತ ಅವರ ಹಿಂದ ಹೋಗತಾನ.

ಅವತ್ತು ಬೈಕುಲ್ಲಾಕ್ಕ ಹೆಣ್ಣು ಕೇಳಾಕ ಹೊಂಟಿದ್ವಿ. ಟ್ರಾಮಿಗೆ ಹೋಗೂಣು ಅಂದ್ರ ಕೇಳಲಿಲ್ಲ, ಹೊಸಾ ಸೈಕಲ್ ತೋರಸಬೇಕಂತ. ನಾ ಕ್ಯಾರಿಯರ್ ಮ್ಯಾಲೆ. ಒಂದು ಮದುವ್ಯಾಗ ಅಂಬವ್ವನ್ನ ನೋಡಿದಾಗಿಂದ ಇವಗ ಊಟ ಸೇರವಲ್ದು. ಅವರಪ್ಪ ದಾನಪ್ಪ, "ಹತ್ತರೊಳಗ ಬರ್ರಿ, ಇಲ್ಲಂದ್ರ ದಹಿಸರದ ಗಂಡಿನವರಿಗೆ ಮಾತು ಕೊಡತೀನಿ" ಅಂತ ಹೇಳಿ ಕಳಿಸಿದ್ದ. ಮಾರ್ಕೆಟ್ಟಿನ್ಯಾಗ ಹಮಾಲರು, ಕಾಯಿಪಲ್ಲೆ ಹೆಂಗಸರು, ಒಂದು ಆಡು ಸೈತ ದಾರಿ ಬಿಡೂತನಕ ಇಂವ ಹಿಂದ ನಿಂತ. ದಾನಪ್ಪ ಇರೂ ಚಾಳ್ ಅನ್ನೂ ಸಾಲುಮನಿಗೆ ಮುಟ್ಟಿದಾಗ ಹತ್ತು ಹೊಡದು ಹೋಗಿತ್ತು.

"ಈಗರ ಸ್ಟೇಷನ್ನಿಗೆ ಹೋದ್ರು, ದಹಿಸರಕ್ಕಂತ," ಅಂದ್ಲು ಬಾಜೂ ಮನಿಯಾಕಿ. "ಬಿಳಿ ರುಮಾಲು ಸುತ್ಯಾರ, ಕೈಯಾಗ ಛತ್ರಿ ಐತಿ."

ಗಲ್ಲಿಯೊಳಗ ಸಿಕ್ಕ. ಎರಡೂ ಕಡೆ ಕೈಗಾಡಿ, ನಡುವ ದಾನಪ್ಪ ಛತ್ರಿ ಬೀಸ್ಕೋತ ನಡದಾನ. ಮುಂದ ಹಾಯಾಕ ಜಾಗಾ ಇಲ್ಲ. ಮುರಿಗೆಪ್ಪ ಇಳದ, ನಾನೂ ಇಳದೆ.

"ಬೆಲ್ ಹೊಡಿ," ಅಂದೆ.

"ಹಿರ್ಯಾರು ಕೆಲಸಕ್ಕ ಹೊಂಟಾರ ಚಿಗವ್ವ. ಕೆಲಸ ಕೆಡತೈತಿ."

"ಆ ಕೆಲಸ ಕೆಡಲೇಬೇಕಲ್ಲೋ ಖೋಡಿ. ನಿನ್ನ ಹೆಣ್ಣು ಹೋಗಾಕ ಹತ್ತೈತಿ."

ಅವನ ಕಣ್ಣಾಗ ನೀರು ಬಂದ್ವು, ಕೈ ಮಾತ್ರ ಬೆಲ್ಲಿಗೆ ಹೋಗಲಿಲ್ಲ. ಸ್ಟೇಷನ್ ಕಾಣಾಕ ಹತ್ತಿತು. ನನಗ ಪಿತ್ತ ನೆತ್ತಿಗೇರಿತು. ಕೈ ಚಾಚಿ ಒತ್ತಿದೆ ನೋಡ್ರಿ, ಗಲ್ಲಿ ಮಂದಿಯೆಲ್ಲಾ ಹೊಳ್ಳಿ ನೋಡಿದ್ರು.

ದಾನಪ್ಪ ನಿಂತ. "ಅಪಶಕುನ ಆತು," ಅಂತ ಗೊಣಗಿ ಮನಿ ದಾರಿ ಹಿಡದ. ಹಿಂದಿನಿಂದ ಕರದರ ಮನಿಗೆ ಹೋಗಿ, ಕುಂತು, ನೀರು ಕುಡದ ಮ್ಯಾಲೆ ಹೊರಡಬೇಕು, ಅದು ಪದ್ಧತಿ. ನಾವೂ ಬೆನ್ನ ಹಿಂದ ಹೋದ್ವಿ.

ನೀರು ಕುಡದು ನಮ್ಮನ್ನ ನೋಡಿದ. "ಗಂಡು ಇವನೇನು?"

"ತಪ್ಪಾತ್ರಿ. ಬೆಲ್ ನಾನೇ ಹೊಡದೆ," ಅಂದ ಮುರಿಗೆಪ್ಪ.

"ಸುಳ್ಳು," ಅಂದ ದಾನಪ್ಪ. "ಗಲ್ಲಿ ತುಂಬ ನಿನ್ನ ಚೈನ್ ಸಪ್ಪಳ ಕೇಳ್ಕೋತ, ಹಿಂದಿನಾಂವ ಬೆಲ್ ಹೊಡೀತಾನೇನು ನೋಡೂಣಂತ ಬೇಕಂತಲೇ ನಡುವ ನಡದೀನಿ. ಹೊಡಿಯಾಂವ ಆಗಿದ್ರ ಯಾವಾಗೋ ಹೊಡೀತಿದ್ದಿ. ಅಂಬವ್ವ, ಛಾ ತಾ. ಹುಡುಗ ಒಪ್ಪಿಗಿ."

ಆಮ್ಯಾಲೆ ನನ್ನ ಕಡೆ ತಿರುಗಿ ಮೆಲ್ಲಕ ಕೇಳಿದ: "ಬೆಲ್ ಹೊಡದಾಕಿ ಇವನ ಮನ್ಯಾಗೇ ಇರತಾಳೇನು?"

"ಇರತಾಳ್ರಿ," ಅಂದೆ. "ಇಲ್ಲಂದ್ರ ತಾಳಿ ಕಟ್ಟೂ ಮುಂದ ಯಾರರೆ ಅಡ್ಡ ನಿಂತ್ರ, ಇಂವ ಮುಹೂರ್ತ ಮುಗಿಯೂತನಕ ಅವರ ಹಿಂದೇ ನಿಂತಿರತಾನ."