ಮೂರು ಎಂಟು, ಮೂರು ಹದಿನೆಂಟು

ಪಂಪು ಶುರುವಾಯಿತು, ಗುರ್ ಎಂದು ನೆಲದಡಿಯಿಂದ ಎದ್ದು ಗೋಡೆಯೊಳಗೆ ಏಳನೇ ಮಹಡಿಯವರೆಗೆ ಹತ್ತಿ ಬರುವ ಆ ಸದ್ದು, ಗೋಡೆಯ ಗಡಿಯಾರದಲ್ಲಿ ಸರಿಯಾಗಿ ಐದು, ಅಂದರೆ ನಿಜಕ್ಕೆ ಇನ್ನೂ ನಾಲ್ಕು ಐವತ್ತು, ನಮ್ಮ ಮನೆಯ ಗಡಿಯಾರ ಹತ್ತು ನಿಮಿಷ ಮುಂದೆ ತಾನೆ, ಲೋಕಲ್ ರೈಲು ಹಿಡಿಯುವವರಿರುವ ಮನೆಗಳಲ್ಲೆಲ್ಲ ಹಾಗೆಯೇ, ದಹಿಸರ್‌ನ ಈ ಬಿಲ್ಡಿಂಗಿನಲ್ಲಿ ಒಬ್ಬರ ಮನೆಯ ಗಡಿಯಾರವೂ ನಿಜ ಹೇಳುವುದಿಲ್ಲ — ವಾಚ್‌ಮನ್ ಇವತ್ತೇಕೆ ಇಷ್ಟು ಬೇಗ ನೀರು ಬಿಟ್ಟ, ದಿನವೂ ಇದರಲ್ಲಿ ಐದೂ ಹತ್ತು ಆಗದೆ ಅವನ ಕೈ ಸ್ವಿಚ್ಚಿನ ಕಡೆ ಹೋದದ್ದಿಲ್ಲ, ಬಿಡಲಿ, ಬಂದ ನೀರಿಗೆ ಬೇಡ ಅನ್ನುವುದುಂಟೇ, ಆದರೆ ಏಳಲಾರೆ, ಎಡವಿದ ಕಾಲಿನ ಹೆಬ್ಬೆರಳು ಇನ್ನೂ ಚುರ್ ಎನ್ನುತ್ತಿದೆ, ಹಾಲ್‌ನಲ್ಲಿ ಗಡಿಯಾರದ ಕೆಳಗೆ ಈ ಸ್ಟೂಲನ್ನು ಯಾರು ಎಳೆದಿಟ್ಟರೋ, ಯಾರೇನು, ಸಾಧನಾಳೇ, ಮನೆಯಲ್ಲಿ ಇರುವವರೇ ಇಬ್ಬರು, ಬೆಳಿಗ್ಗೆ ನಾನು ಹೂವು ತರಲು ಸ್ಟೇಷನ್ ಕಡೆ ಹೋಗಿದ್ದಾಗ ಅಟ್ಟದಿಂದ ಚೀಲವನ್ನೋ ಏನನ್ನೋ ಇಳಿಸಿರಬೇಕು, ತೆಗೆದದ್ದನ್ನು ತಿರುಗಿ ಇಡುವ ಅಭ್ಯಾಸ ಇಪ್ಪತ್ತೊಂಬತ್ತು ವರ್ಷವಾದರೂ ನನ್ನ ಮಗಳಿಗೆ ಬರಲಿಲ್ಲ, ಮದುವೆಯಾದ ಮನೆಯಲ್ಲಿ ಏನು ಮಾಡುತ್ತಾಳೋ. ಮದುವೆ. ಹೌದು, ಅದಕ್ಕೇ ಅಲ್ಲವೇ ಕೂತಿರುವುದು, ವನಮಾಲಾ, ಕನಸು ಕಾಣಬೇಡ, ಅವಳು ಆರೂವರೆಗೆ ಬರುತ್ತಾಳೆ, ಬಂದವಳೇ ಆಫೀಸಿನ ಯಾವುದೋ ಫಾರ್ಮ್ ತುಂಬಲು ಈ ಕಂಪ್ಯೂಟರ್ ಮುಂದೆ ಕೂರುತ್ತಾಳೆ, ಕೂತ ಕೂಡಲೇ ಇತ್ತೀಚೆಗೆ ಯಾವ ಯಾವ ಫೈಲು ತೆರೆದಿದ್ದೆವು ಎಂಬ ಪಟ್ಟಿಯನ್ನು ಅದು ಚಾಡಿಕೋರನಂತೆ ಎದುರಿಗೆ ಹಿಡಿಯುತ್ತದೆ, ಅಷ್ಟರೊಳಗೆ ಅದನ್ನು ಅಳಿಸಬೇಕು.

ಕೆಳಗಿನ ಝೆರಾಕ್ಸ್ ಅಂಗಡಿಯ ಅನಿಲಕುಮಾರ ಬರೆದುಕೊಟ್ಟ ಚೀಟಿ ಇಲ್ಲೇ ಇತ್ತು, ಕೀಬೋರ್ಡಿನ ಅಡಿಯಲ್ಲಿ, ಹಾಂ — ಮೊದಲು ಫೋಲ್ಡರ್ ತೆರಿ, ಮೇಲೆ ಮೂರು ಚುಕ್ಕಿ, ಅದರಲ್ಲಿ ಆಪ್ಷನ್ಸ್, ಕೆಳಗೆ ಪ್ರೈವೆಸಿ, ಅಲ್ಲಿ ಟಿಕ್ ತೆಗಿ, ಆಮೇಲೆ ಕ್ಲಿಯರ್, ಅಕ್ಷರ ಕೋಳಿ ಕೆದರಿದ ಹಾಗಿದ್ದರೂ ಹುಡುಗ ಜಾಣ, ವಿಜಯಪುರದ ಕಡೆಯವನು, ಯಾಕೆ ಏನು ಎಂದು ಕೇಳಲಿಲ್ಲ, ಟಿಕ್ ತೆಗದ್ರ ಇನ್ ಮ್ಯಾಲ ಅದು ಏನೂ ನೆನಪಿಟಗೊಳ್ಳಂಗಿಲ್ರೀ ಆಂಟಿ, ಕ್ಲಿಯರ್ ಒತ್ತಿದ್ರ ಹಿಂದಿಂದೂ ಹೋತು, ಆದ್ರ ಲಿಸ್ಟ್ ಅಷ್ಟ ಹೋಗತೈತಿ ನೋಡ್ರೀ, ಫೈಲ್ ಎಲ್ಲೂ ಹೋಗಂಗಿಲ್ಲ, ಅದು ಇದ್ದಲ್ಲೇ ಇರತೈತಿ. ಇದ್ದಲ್ಲೇ ಇರಲಿ, ಅದಕ್ಕೂ ಜಾಗ ಮಾಡಿದ್ದೇನೆ, ಬಿಸಿಬೇಳೆ ಪುಡಿಯ ಅಳತೆ ಇರುವ ಫೋಲ್ಡರಿನಲ್ಲಿ ತುರುಕಿದ್ದೇನೆ, ಅಡುಗೆಯ ಫೋಲ್ಡರನ್ನು ನನ್ನ ಮಗಳು ಈ ಜನ್ಮದಲ್ಲಿ ತೆರೆಯುವುದಿಲ್ಲ, ಕಣ್ಣಿಗೆ ಬೀಳುವ ಪಟ್ಟಿ ಹೋದರೆ ಸಾಕು. ಒಂದು ಟಿಕ್ ತೆಗೆದರೆ ನೆನಪಿಟ್ಟುಕೊಳ್ಳುವುದೇ ನಿಂತುಹೋಗುತ್ತದಂತೆ, ಇಷ್ಟು ಸುಲಭವೇ, ಇಂಥದೊಂದು ಟಿಕ್ಕು ನಮ್ಮತ್ತೆಯ ತಲೆಯಲ್ಲಿದ್ದಿದ್ದರೆ ನಾನು ಯಾವತ್ತೋ ತೆಗೆದುಹಾಕುತ್ತಿದ್ದೆ. ಪ್ರಿಂಟು ತೆಗೆದಾಗಿದೆ, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಕವರಿನಲ್ಲಿಟ್ಟು ದೇವರ ಮುಂದಿಟ್ಟಿದ್ದೇನೆ, ಭಾನುವಾರ ಠಾಣೆ ಊರಿಗೆ ಹೋಗಿ ಹುಡುಗ ವಿಕ್ರಂನ ತಾಯಿ ವಿನೋದಿನಿಯವರ ಕೈಗೆ ಕೊಡುವುದು, ಜಾತಕ, ಸಾಧನಾಳದು, ಜನನ ಕಾಲ ಮಧ್ಯಾಹ್ನ ಮೂರು ಗಂಟೆ ಹದಿನೆಂಟು ನಿಮಿಷ, ನಕ್ಷತ್ರ ಪೂರ್ವಾಷಾಢಾ. ಸುಳ್ಳು. ಹೇಳಿಕೊಳ್ಳುವುದಕ್ಕೇನು ನಾಚಿಕೆ, ಇಲ್ಲಿ ಯಾರಿದ್ದಾರೆ ಕೇಳುವವರು, ಸುಳ್ಳು, ಹತ್ತು ನಿಮಿಷದ ಸುಳ್ಳು.

ಪೂರ್ತಿ ಸುಳ್ಳೂ ಅಲ್ಲ, ಅದು ನನ್ನ ಗಂಡ ನಂಜುಂಡನ ವಾಚಿನ ಹೊತ್ತು. ಗ್ರಾಂಟ್ ರೋಡಿನ ಆ ಹೆರಿಗೆ ಮನೆ, ಕೆಳಗಿನ ಉಡುಪಿ ಹೋಟೆಲಿನಿಂದ ಸಾಂಬಾರಿನ ವಾಸನೆ ಕಿಟಕಿ ದಾಟಿ ಬರುತ್ತಿತ್ತು, ನೋವು ಬಂದು ಹೋಗುವ ನಡುವೆ ನನಗೆ ಇಡ್ಲಿ ತಿನ್ನುವ ಆಸೆ, ಎಂಥ ಹೆಂಗಸು ನಾನು, ಸೇವಂತಿ ಎಂಬ ನರ್ಸು ನನ್ನ ಹಣೆ ಒರೆಸಿ ಝಾಲಂ ಝಾಲಂ, ಆಯಿತು ತಾಯೀ ಎನ್ನುತ್ತಿದ್ದಳು, ಮರಾಠಿ ಅರ್ಧ ಅವಳ ಕನ್ನಡ ಅರ್ಧ, ಆಮೇಲೆ ಆ ಅಳು, ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದವರು ಅಳು ಕೇಳಿದ್ದೇ ಮಣಿಕಟ್ಟು ನೋಡಿಕೊಂಡು ಡೈರಿಯಲ್ಲಿ ಬರೆದರಂತೆ, ಮಧ್ಯಾಹ್ನ 3-18, ಮಗಳು. ನಂಜನಗೂಡಿನಿಂದ ಬಂದ ಡ್ರಾಫ್ಟ್ಸ್‌ಮನ್ ನನ್ನ ಗಂಡ, ಗೆರೆ ವಕ್ರವಾದರೆ ಊಟ ಸೇರದ ಮನುಷ್ಯ, ಮೈಸೂರಿನ ಸಾವಧಾನವನ್ನೆಲ್ಲ ಈ ಊರಿಗೆ ಬಂದ ಆರು ತಿಂಗಳಲ್ಲಿ ಬಿಟ್ಟು ವಾಚನ್ನು ಹತ್ತು ನಿಮಿಷ ಮುಂದೆ ಇಟ್ಟುಕೊಂಡವರು, ಚರ್ಚ್‌ಗೇಟ್ ಲೋಕಲ್ ನಮಗಾಗಿ ನಿಲ್ಲುವುದಿಲ್ಲ ವನೂ, ನಾವೇ ನಮಗೆ ಮೋಸ ಮಾಡಿಕೊಳ್ಳಬೇಕು ಎನ್ನುತ್ತಿದ್ದವರು, ಖುಷಿಯಲ್ಲಿ ಅದನ್ನೇ ಮರೆತು ಬರೆದುಬಿಟ್ಟಿದ್ದರು, ಸಂಜೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಾಗ ನೆನಪಾಗಿ, ಅಯ್ಯೋ ನನ್ನ ವಾಚು ಮುಂದಿದೆಯಲ್ಲೇ ಎಂದು ನಕ್ಕು, ಜೇಬಿನ ಸಣ್ಣ ಸ್ಕೇಲು ತೆಗೆದು ಆ ಹದಿನೆಂಟರ ಮೇಲೆ ನೇರ ಗೆರೆ ಎಳೆದು ಮೇಲುಗಡೆ 3-08 ಎಂದು ತಿದ್ದಿದರು, ತಪ್ಪು ಹೊಡೆದು ಹಾಕಲೂ ಸ್ಕೇಲು ಬೇಕು ಆ ಮನುಷ್ಯನಿಗೆ. ಮೂಲಾ ನಕ್ಷತ್ರ ಮುಗಿದದ್ದು ಮೂರು ಹದಿನಾಲ್ಕಕ್ಕೆ. ಆರು ನಿಮಿಷ. ಮಾಟುಂಗದ ಶಾಸ್ತ್ರಿಗಳು, ಕೊನೆಯ ಪಾದ ಕಣಮ್ಮ, ದೋಷವೇನಿಲ್ಲ ಎಂದರು, ಶಾಸ್ತ್ರಿಗಳು ಹೇಳುತ್ತಾರೆ, ಗಂಡಿನ ಮನೆಯವರು ಕೇಳಬೇಕಲ್ಲ, ಹೆಣ್ಣಿನದು ಮೂಲಾ ಎಂದ ಕೂಡಲೇ ಕಾಫಿ ಲೋಟ ಕೆಳಗಿಡುತ್ತಾರೆ, ಮಾವನಿಗೆ ಆಗಿಬರುವುದಿಲ್ಲ ಎಂದು, ನಾಲ್ಕು ಸಂಬಂಧ ಹಾಗೆ ಹೋದವು, ನಾಲ್ಕೂ ಸಲ ಲೋಟ ತೊಳೆದವಳು ನಾನು.

ಹೊರಗೆ ಹಾರನ್ನು, ಯಾವುದೋ ಲೋಕಲ್ ವಿರಾರ್ ಕಡೆಗೆ, ಬೋರ್‌ವೆಲ್ ನೀರಿನ ವಾಸನೆ, ಪಂಪು ಇನ್ನೂ ಗುರ್ ಎನ್ನುತ್ತಿದೆ, ಸಂಜೆಯ ಬಿಸಿಲು ಸ್ಟೂಲಿನ ಮೇಲೆ ಚೌಕಾಕಾರವಾಗಿ ಬಿದ್ದಿದೆ, ಆ ಬಿಸಿಲಿನಲ್ಲಿ ಧೂಳು ನಿಧಾನ ತೇಲುವುದನ್ನು ನೋಡಿದರೆ ನಿದ್ದೆ ಬಂದ ಹಾಗೆ, ಅಂಥದೇ ಬಿಸಿಲಿತ್ತು ಅವತ್ತೂ, ಕುರ್ಲಾದ ಬಾಡಿಗೆ ಮನೆಯಲ್ಲಿ, ಕಾಮಾಲೆಯಲ್ಲಿ ನಂಜುಂಡ ಹೋಗಿ ಹದಿಮೂರು ದಿನ, ಸಾಧನಾಗೆ ಒಂಬತ್ತು ವರ್ಷ, ತಟ್ಟೆ ಮುಂದೆ ಕೂತು ಮೊಸರನ್ನ ಕಲಸುತ್ತಿದ್ದಳು, ನಮ್ಮತ್ತೆ ಬಾಗಿಲಲ್ಲಿ ನಿಂತು ಬಂದವರಿಗೆ ಹೇಳಿದರು, ಹುಟ್ಟಿದ ನಕ್ಷತ್ರ ಅಪ್ಪನ್ನೇ ತಿಂದ್ಕೊಂಡ್ತು ನೋಡಿ. ಮಗು ಕೈಯಲ್ಲಿದ್ದ ತುತ್ತನ್ನು ನೋಡಿತು, ತಟ್ಟೆಗೆ ಇಳಿಸಿತು, ನನ್ನ ಕಡೆ ತಿರುಗಿ ಅಮ್ಮಾ ನಾನು ಏನ್ ತಿಂದೆ ಎಂದು ಕೇಳಿತು. ಇಪ್ಪತ್ತು ವರ್ಷವಾಯಿತು, ಅತ್ತೆಯೂ ಹೋದರು, ಆ ಪ್ರಶ್ನೆಗೆ ಉತ್ತರ ಕೊಡದೆ ಸುಮ್ಮನೆ ಕೂತ ನನ್ನ ಬಾಯಿಯ ಮೇಲೆ ನನಗೆ ಇವತ್ತಿಗೂ ಸಿಟ್ಟು, ಅವತ್ತೇ ನಾನು ಆಣೆ ಇಟ್ಟುಕೊಂಡೆ, ಈ ನಕ್ಷತ್ರದ ಹೆಸರು ಇನ್ನೊಂದು ಮನೆಯ ಬಾಗಿಲಲ್ಲಿ ಯಾರ ಬಾಯಲ್ಲೂ ಬರಬಾರದು. ವಿಕ್ರಂನ ತಂದೆಗೆ ಬೈಪಾಸ್ ಆಗಿದೆ, ಮೆಟ್ಟಿಲು ಹತ್ತುವಾಗ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ, ಒಳ್ಳೆಯವರು, ನನ್ನ ಚಕ್ಕುಲಿ ಹೊಗಳಿ ಎರಡು ಜಾಸ್ತಿ ತಿಂದವರು, ನೂರು ವರ್ಷ ಬದುಕಲಿ, ಆದರೆ ವಯಸ್ಸಾದ ಜೀವ, ನಾಳೆ ಏನಾದರೂ ಆದರೆ, ಅವತ್ತು ಆ ಮನೆಯ ಬಾಗಿಲಲ್ಲಿ ವಿನೋದಿನಿಯವರು ನಿಂತು ಬಂದವರಿಗೆ ಏನು ಹೇಳುತ್ತಾರೆ, ಪೂರ್ವಾಷಾಢಾ ಆದರೆ ಡಾಕ್ಟರನ್ನು ಬೈಯುತ್ತಾರೆ, ಮೂಲಾ ಆದರೆ ನನ್ನ ಮಗಳನ್ನು. ನನಗೆ ಭಯ, ಬೇರೇನೂ ಇಲ್ಲ, ಬರೀ ಭಯ.

ಅವಳಿಗೆ ಹೇಳಿ ನೋಡಿದ್ದೆ, ಹೋದ ವಾರ, ದೋಸೆ ಹುಯ್ಯುತ್ತಾ, ಅಪ್ಪನ ಡೈರಿಯಲ್ಲಿ ಎರಡು ಹೊತ್ತಿದೆ ಕಣೇ, ಮೊದಲು ಬರೆದದ್ದನ್ನೇ ಇಟ್ಟುಕೊಂಡರೆ ಯಾರಿಗೆ ನಷ್ಟ ಎಂದು, ಅವಳು ಫೋನಿನಿಂದ ತಲೆ ಎತ್ತಿದಳು, ಅಮ್ಮಾ ಪ್ಲೀಸ್, ಏನೂ ಫೇಕ್ ಮಾಡ್ಬೇಡ, ಅಪ್ಪ ಕಟ್ ಮಾಡಿದ್ದನ್ನ ನೀನು ಯಾಕೆ ವಾಪಸ್ ತರ್ತೀ, ಮೂಲಾ ಅಂದ್ರೆ ಮೂಲಾ, ಉನಕೋ ಚಲೇಗಾ ತೋ ಠೀಕ್, ನಹೀ ತೋ ರೆಹನೇ ದೋ. ಅವರು ಒಪ್ಪಿದರೆ ಸರಿ, ಇಲ್ಲದಿದ್ದರೆ ಬೇಡ ಎಂದು ಬಾಯಿ ಹೇಳುತ್ತದೆ, ಆದರೆ ವಿಕ್ರಂನ ಜೊತೆ ಮೂರನೆಯ ಸಲ ಹೊರಗೆ ಹೋಗಿ ಬಂದ ದಿನ ಬಟ್ಟೆ ಮಡಚುತ್ತಾ ಗುನುಗುತ್ತಿದ್ದಳು, ನನ್ನ ಮಗಳು ಗುನುಗಿದ್ದನ್ನು ನಾನು ಕೇಳಿದ್ದು ಯಾವ ಕಾಲದಲ್ಲೋ, ರಾಗವೂ ಇಲ್ಲ ತಾಳವೂ ಇಲ್ಲ, ಅಷ್ಟು ಚೆನ್ನಾಗಿತ್ತು, ಬಾಗಿಲ ಹಿಂದೆ ನಿಂತು ಕೇಳಿದೆ, ಮೊನ್ನೆ ಅವಳು ಆಫೀಸಿಗೆ ಹೋದ ಮೇಲೆ ಕೂತು ಜಾತಕದ ಸಾಫ್ಟ್‌ವೇರಿಗೆ ಮೂರು ಹದಿನೆಂಟು ಎಂದು ಕೊಟ್ಟೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೊಸ ಕುಂಡಲಿ ಬರೆದುಕೊಟ್ಟಿತು, ನಕ್ಷತ್ರ ಬದಲಿಸಲು ಕೀಲಿಮಣೆಯಲ್ಲಿ ಒಂದೇ ಅಂಕಿ. ಇವತ್ತು ಬೆಳಿಗ್ಗೆ ನಾನು ಹೂವು ತಂದು ಒಳಗೆ ಬಂದಾಗ ಅವಳು ಹಾಲ್‌ನಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದಳು, ನಾಷ್ಟಾ ಅರ್ಧಕ್ಕೇ ಬಿಟ್ಟಳು, ದಿನವೂ ಗಡಿಯಾರದಲ್ಲಿ ಏಳೂ ನಲವತ್ತೈದಕ್ಕೆ ಹೊರಡುವವಳು ಏಳೂ ಮೂವತ್ತೈದಕ್ಕೇ ಚಪ್ಪಲಿ ಮೆಟ್ಟಿದಳು, ಯಾಕೆ ಇಷ್ಟು ಬೇಗ ಎಂದರೆ, ಬೇಗ ಏನಿಲ್ಲಮ್ಮ, ಬರೋಬರ್ ಟೈಮೇ ಇದೆ ಎಂದಳು, ಬಾಗಿಲಲ್ಲಿ ಒಂದು ಕ್ಷಣ ನಿಂತು ನನ್ನ ಮುಖ ನೋಡಿ ಹೋದಳು.

ಸರಿ, ಕೆಲಸ ನೋಡು, ಮೂರು ಚುಕ್ಕಿ, ಆಪ್ಷನ್ಸ್, ಸಣ್ಣ ಕಿಟಕಿ ಬಂತು, ಪ್ರೈವೆಸಿ, ಇತ್ತೀಚಿನ ಫೈಲು ತೋರಿಸು ಎಂಬ ಕಡೆ ಟಿಕ್ಕಿದೆ, ತೆಗೆದೆ, ಅದರ ಕೆಳಗಿನದೂ ತೆಗೆದೆ, ಇನ್ನು ಕ್ಲಿಯರ್, ಬಾಣ ಅದರ ಮೇಲೆ ತಂದೆ — ಹಿಂದುಗಡೆ ಪಟ್ಟಿ ಕಾಣುತ್ತಿದೆ, ಹೋಗುವುದನ್ನು ಒಮ್ಮೆ ನೋಡಿಬಿಡೋಣ, ಹಣೆಯ ಮೇಲಿನ ಕನ್ನಡಕ ಇಳಿಸಿದೆ, ಸೊಸೈಟಿಯ ನೀರಿನ ಅರ್ಜಿ, ಭಜನೆ ಹಾಡುಗಳು, ಬಿಸಿಬೇಳೆ ಪುಡಿ, ಇವೆಲ್ಲ ಕೆಳಗೆ, ಎಲ್ಲಕ್ಕಿಂತ ಮೇಲೆ ಸಾಧನಾ ಜಾತಕ 3-18, ಅದರ ಕೆಳಗೆ ಸಾಧನಾ ಜಾತಕ 3-08, ಅದರ ಕೆಳಗೆ ಅಪ್ಪನ ಡೈರಿಯ ಫೋಟೋ, ಮೂರರ ಪಕ್ಕದಲ್ಲೂ ಇವತ್ತಿನ ತಾರೀಖು, ಬೆಳಿಗ್ಗೆ ಆರೂ ನಲವತ್ತಮೂರು, ಆರೂ ನಲವತ್ತೆರಡು, ಆರೂ ನಲವತ್ತು. ಇವತ್ತು ನಾನು ತೆರೆದಿಲ್ಲ. ಮೊನ್ನೆ ಪ್ರಿಂಟು ತೆಗೆದ ಮೇಲೆ ನಾನು ಇದನ್ನು ಮುಟ್ಟಿಲ್ಲ, ಇವತ್ತು ಆರೂ ನಲವತ್ತಕ್ಕೆ ನಾನು ಸ್ಟೇಷನ್ ಹತ್ತಿರ ದಾಸವಾಳ ಆರಿಸುತ್ತಿದ್ದೆ, ಮನೆಯಲ್ಲಿದ್ದವಳು ಅವಳೊಬ್ಬಳೇ. ನೋಡಿದ್ದಾಳೆ. ಮೊದಲು ಅಪ್ಪನ ಅಕ್ಷರ ನೋಡಿ, ಆಮೇಲೆ ನಿಜ ನೋಡಿ, ಆಮೇಲೆ ನನ್ನದನ್ನು ನೋಡಿದ್ದಾಳೆ, ನೋಡಿದ ಗುರುತು ಅಳಿಸುವುದು ಅವಳಿಗೆ ಎಡಗೈ ಕೆಲಸ, ಅಳಿಸಿಲ್ಲ, ನನ್ನ ಕಣ್ಣಿಗೆ ಬೀಳಲಿ ಎಂದೇ ಬಿಟ್ಟು ಹೋಗಿದ್ದಾಳೆ, ದೇವರ ಮುಂದಿನ ಕವರನ್ನು ಹರಿಯಲಿಲ್ಲ, ಜಗಳ ಮಾಡಲಿಲ್ಲ, ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಈಗ ಕ್ಲಿಯರ್ ಒತ್ತಿದರೆ ಎರಡೂ ಹೋಗುತ್ತವೆ, ನಾನು ಮಾಡಿದ್ದೂ ಅವಳು ನೋಡಿದ್ದೂ, ಅವಳು ಬಂದು ಖಾಲಿ ಪಟ್ಟಿ ನೋಡುತ್ತಾಳೆ, ನಾನು ಚಹಾ ಕೊಡುತ್ತೇನೆ, ಅಮ್ಮಾ ನಾನು ಏನ್ ತಿಂದೆ ಎಂದು ಇನ್ನೊಮ್ಮೆ ಕೇಳಿದ ಹಾಗೆ, ನಾನು ಇನ್ನೊಮ್ಮೆ ಸುಮ್ಮನಿದ್ದ ಹಾಗೆ — ಎಷ್ಟು ಹೊತ್ತಾಯಿತು, ಪರದೆಯ ಮೂಲೆಯಲ್ಲಿ ಐದೂ ಇಪ್ಪತ್ತಾರು, ಇದು ಯಾವತ್ತೂ ಸರಿ ಹೊತ್ತು ತೋರಿಸುವುದು, ಹಾಗಾದರೆ ಗೋಡೆಯದರಲ್ಲಿ ಐದೂ ಮೂವತ್ತಾರು, ತಲೆ ಎತ್ತಿದೆ, ಗೋಡೆಯ ಮೇಲೆ ಐದೂ ಇಪ್ಪತ್ತಾರು. ಕೆಂಪು ಮುಳ್ಳು ಟಿಕ್ ಟಿಕ್ ಎಂದು ಓಡುತ್ತಲೇ ಇದೆ, ನಿಂತಿಲ್ಲ, ಸೆಲ್ಲು ಸೋತಿಲ್ಲ, ಮುಂದಿದ್ದ ಹತ್ತು ನಿಮಿಷ ಮಾತ್ರ ಇಲ್ಲ, ಪಂಪು ಬೇಗ ಬಂದದ್ದಲ್ಲ, ಮಗಳು ಬೇಗ ಹೊರಟದ್ದೂ ಅಲ್ಲ, ಅದರ ಕೆಳಗೆ ಸ್ಟೂಲು, ಸ್ಟೂಲಿನ ಮೇಲೆ ಬಿಸಿಲು, ಬಿಸಿಲಿನಲ್ಲಿ ಎರಡು ಪಾದದ ಗುರುತು. ಪರದೆಯಲ್ಲಿ ಐದೂ ಇಪ್ಪತ್ತಾರು. ಗೋಡೆಯಲ್ಲಿ ಐದೂ ಇಪ್ಪತ್ತಾರು. ಬಾಣ ಕ್ಲಿಯರ್ ಮೇಲೆ ನಿಂತಿದೆ, ಬೆರಳು ಇಳಿಯುತ್ತಿಲ್ಲ, ಗೋಡೆಯಲ್ಲಿ ಐದೂ ಇಪ್ಪತ್ತಾರು, ಸ್ಟೂಲಿನ ಮೇಲೆ ಎರಡು ಪಾದ.