ನೂರರಲ್ಲಿ ತೊಂಬತ್ತು

ಆಟಿ ತಿಂಗಳ ಎರಡನೇ ವಾರ, ಬೆಳಿಗ್ಗೆ ಏಳು ಗಂಟೆ. ಮಳೆ ಸ್ವಲ್ಪ ಬಿಟ್ಟಿತ್ತು. ಕಾಪು ಕಡಲ ಬದಿಯಲ್ಲಿ ನಾವು ಮೀನು ಒಣಗಿಸುವ ಜಾಗ ಮಳೆಗಾಲವಾದ್ದರಿಂದ ಖಾಲಿ ಬಿದ್ದಿತ್ತು. ಅಲ್ಲಿಗೆ ನನ್ನ ಜೊತೆಗಾರ ಸುಂದರ ಒಂದು ಕಾಗದ ತಂದ.

ನಾವಿಬ್ಬರೂ ನಲವತ್ತು ವರ್ಷ, ದಡದಲ್ಲಿ ನಿಂತು ಎರಡು ತುದಿಯ ಹಗ್ಗ ಹಿಡಿದು ಎಳೆಯುವ ಕೈರಂಪಣಿ ಬಲೆ ಎಳೆದವರು. ತೆಂಕಣ ಹಗ್ಗ ನನ್ನದು, ಬಡಗಣದ್ದು ಅವನದು. ನಡುವೆ ಎರಡು ಫರ್ಲಾಂಗು. ಅವನ ಮುಖ ಕಾಣುವುದಿಲ್ಲ. ಹಗ್ಗ ಬಿಗಿಯಾದರೆ ಅವನು ಎಳೆಯುತ್ತಿದ್ದಾನೆ ಎಂದು ಗೊತ್ತಾಗುತ್ತದೆ, ಅಷ್ಟೇ.

"ಹೂವಪ್ಪಣ್ಣ, ಇಲ್ಲಿ ಕರಿ ಮರಳು ಉಂಟಲ್ವಾ, ಅದರಲ್ಲಿ ನೂರಕ್ಕೆ ತೊಂಬತ್ತು ಕಬ್ಬಿಣ ಅಂತೆ. ಕಂಪೆನಿಯವರು ಪರೀಕ್ಷೆ ಮಾಡಿಸಿದ್ದಾರೆ. ಈ ಜಾಗ ಅವರಿಗೆ ಮಾರಿದರೆ ಫ್ಯಾಕ್ಟರಿ ಬರುತ್ತದೆ, ಮನೆಗೊಬ್ಬರಿಗೆ ಕೆಲಸ."

"ಮೀನು ಎಲ್ಲಿ ಒಣಗಿಸುವುದು ಮಾರಾಯ?"

"ಬೇರೆ ಜಾಗ ಕೊಡುತ್ತಾರೆ. ನೀವು ಸಹಿ ಹಾಕಿ, ಉಳಿದವರು ಹಾಕುತ್ತಾರೆ."

ನಮ್ಮಲ್ಲಿ ಹಾಗೆಯೇ. ತೆಂಕಣ ಹಗ್ಗದವನು ಕೈ ಹಾಕಿದ ಮೇಲೆ ಉಳಿದವರು ಹಾಕುತ್ತಾರೆ, ಯಾಕೆಂದು ಕೇಳುವುದಿಲ್ಲ. ನಾನು ಓದಿದ್ದು ಎರಡನೇ ಕ್ಲಾಸು. ಹೆಸರು ಬರೆದೆ. ಉಳಿದ ಹನ್ನೊಂದು ಮನೆಯವರೂ ಬರೆದರು. ಆ ವಾರವೇ ರಿಜಿಸ್ಟ್ರಿಯೂ ಆಯಿತು.

ಮೊಮ್ಮಗಳು ಚೈತನ್ಯಾ ಉಡುಪಿಯಲ್ಲಿ ಪಿಯುಸಿ ಓದುತ್ತಾಳೆ. ಭಾನುವಾರ ಕಾಗದದ ಪ್ರತಿ ನೋಡಿ ನಕ್ಕಳು.

"ಅಜ್ಜ, ಯಾರು ಬರೆದದ್ದು ಇದು? ಈ ಮರಳಿನಲ್ಲಿ ಕಬ್ಬಿಣಕ್ಕೆ ಆಮ್ಲಜನಕ ಅಂಟಿಕೊಂಡಿರುತ್ತದೆ. ಕಬ್ಬಿಣದ ಪರಮಾಣು ಮೂರು, ಒಂದೊಂದರ ತೂಕ ಐವತ್ತಾರು. ಆಮ್ಲಜನಕ ನಾಲ್ಕು, ಒಂದೊಂದು ಹದಿನಾರು. ಒಟ್ಟು ಇನ್ನೂರ ಮೂವತ್ತೆರಡು. ಅದರಲ್ಲಿ ಕಬ್ಬಿಣ ನೂರ ಅರವತ್ತೆಂಟೇ."

"ನನಗೆ ಮೀನಿನ ಲೆಕ್ಕದಲ್ಲಿ ಹೇಳು."

"ಹತ್ತು ಕಿಲೋ ಹಸಿ ಬಂಗುಡೆ ಒಣಗಿಸಿದರೆ ಒಂಬತ್ತು ಕಿಲೋ ಸಿಗುತ್ತದಾ?"

"ಮರ್ಲು ಹಿಡಿದಿದೆಯಾ ನಿನಗೆ? ನಾಲ್ಕು ಸಿಕ್ಕಿದರೆ ಹೆಚ್ಚು."

"ಹಾಗೆಯೇ ಇದು. ಒಂದು ಚೂರು ಕಸ ಇಲ್ಲದ ಅದಿರಾದರೂ ನೂರು ಕಿಲೋದಲ್ಲಿ ಕಬ್ಬಿಣ ಎಪ್ಪತ್ತೆರಡೂವರೆ ದಾಟುವುದಿಲ್ಲ. ತೊಂಬತ್ತು ಸುಳ್ಳು."

ಸುಂದರನ ಮನೆಗೆ ಹೋದೆ. ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದ.

"ತೊಂಬತ್ತು ಇರಲಿಕ್ಕೇ ಸಾಧ್ಯವಿಲ್ಲವಂತೆ," ಎಂದೆ.

ಎಂತದು ಎಂದು ಅವನು ಕೇಳಲಿಲ್ಲ.

"ಪರೀಕ್ಷೆಯಲ್ಲಿ ಬಂದದ್ದು ಎಂಟು, ಅಣ್ಣ. ಎಂಟಕ್ಕೆ ನೀವು ಸಹಿ ಹಾಕುತ್ತಿದ್ದಿರಾ?"

"ಫ್ಯಾಕ್ಟರಿ?"

"ಫ್ಯಾಕ್ಟರಿ ಇಲ್ಲ. ರೆಸಾರ್ಟ್. ಮನೀಶನಿಗೆ ಅಲ್ಲಿ ಮ್ಯಾನೇಜರ್ ಕೆಲಸ."

ಮನೀಶ ಅವನ ಮಗ. ಐದು ವರ್ಷದವನಿದ್ದಾಗ ಜ್ವರ ನೆತ್ತಿಗೇರಿ, ಮಣಿಪಾಲದ ಆಸ್ಪತ್ರೆಗೆ ಹೋಗುವ ಬಸ್ಸಿನವರೆಗೆ ಅವನನ್ನು ಹೆಗಲ ಮೇಲೆ ಹೊತ್ತವನು ನಾನು. ಆ ದಿನ ಸುಂದರ ನನ್ನ ಹಿಂದೆ ಬರಿಗಾಲಲ್ಲಿ ಓಡಿ ಬಂದಿದ್ದ.

"ನಲವತ್ತು ವರ್ಷದಲ್ಲಿ ಹಗ್ಗ ಮಾತ್ರ ಒಂದು ದಿನವೂ ಬಿಡಲಿಲ್ಲವಲ್ಲ ನೀನು," ಎಂದೆ.

ಅವನು ತಲೆ ಎತ್ತದೆ ಬಲೆಯ ಕಣ್ಣು ಎಣಿಸುತ್ತಲೇ ಇದ್ದ.

ಹನ್ನೊಂದು ಮನೆಗೂ ನಾನೇ ಹೋಗಿ ಹೇಳಿದೆ. ಕೊನೆಯ ಮನೆಯ ಮನೋರಮಾ ನೀರು ಕೊಟ್ಟಳು. ಆಮೇಲೆ, "ನಾವು ಓದಿ ಹಾಕಿದ್ದಲ್ಲ ಹೂವಪ್ಪಣ್ಣ. ನಿಮ್ಮ ಹೆಸರು ಮೇಲೆ ಉಂಟು ಅಂತ ಹಾಕಿದ್ದು," ಎಂದಳು. ನೀರಿನ ಲೋಟ ಜಗಲಿಯಲ್ಲಿಟ್ಟು ಎದ್ದೆ.

ಸುಂದರ ಹೆಂಡತಿಯನ್ನು ಕರೆದುಕೊಂಡು ಕಾರ್ಕಳದ ಮಗಳ ಮನೆಗೆ ಹೋದ. ಆಟಿ ಮುಗಿದು ಸೋಣ ತಿಂಗಳ ಮೊದಲ ಸೋಮವಾರ, ನಮ್ಮ ಜಾಗದಲ್ಲಿ ರೆಸಾರ್ಟಿನವರು ಬೇಲಿಯ ಕಂಬ ಇಳಿಸಿದ ದಿನವೇ ಅದು.